ಡಂಗುರದ ಜಕ್ಕಣ್ಣನೂ ಯಾರೂ ಕರೆಯದ ಮಕ್ಕಳೂ

ಬಹಳ ಬಹಳ ಹಿಂದೆ, ಗಿಳಿಗಳು ಇನ್ನೂ ಮನುಷ್ಯರ ಜೊತೆ ಚೌಕಾಸಿ ಮಾಡುತ್ತಿದ್ದ ಕಾಲದಲ್ಲಿ, ಸುರಗಿಪುರ ಎಂಬ ಒಂದು ರಾಜ್ಯವಿತ್ತು. ಆ ಊರಿನ ಪೇಟೆ ಅಂದರೆ ಪೇಟೆ! ಅಲ್ಲಿ ಮೋಡವನ್ನು ಗಡಿಗೆಯಲ್ಲಿ ತುಂಬಿ ಮಾರುತ್ತಿದ್ದರು. ಬೆಳದಿಂಗಳನ್ನು ನೂತು ಸೀರೆ ನೇಯುತ್ತಿದ್ದರು. ಹಾಡುವ ಉಪ್ಪು, ನಗುವ ಕನ್ನಡಿ, ಕೊಂಡವರ ಹಿಂದೆ ತಾನೇ ಉರುಳಿಕೊಂಡು ಮನೆಗೆ ಬರುವ ಕುಂಬಳಕಾಯಿ, ಎಲ್ಲವೂ ಸಿಗುತ್ತಿದ್ದವು. ಸಂತೆಯ ದಿನ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ.

ಅಂಥ ಜನಜಂಗುಳಿಯಲ್ಲಿ ಮಕ್ಕಳು ಕಳೆದುಹೋಗದೆ ಇರುತ್ತವೆಯೇ? ಹೋಗುತ್ತಿದ್ದವು. ಆಗ ತಾಯಂದಿರು ಎದೆ ಬಡಿದುಕೊಂಡು ಓಡಿ ಬರುತ್ತಿದ್ದುದು ಜಕ್ಕಣ್ಣನ ಹತ್ತಿರ. ಜಕ್ಕಣ್ಣ ಆ ಊರಿನ ಡಂಗುರದವನು. ಇನ್ನೂ ಮೀಸೆ ಚಿಗುರುತ್ತಿದ್ದ ವಯಸ್ಸು, ಆದರೆ ದನಿ ಮಾತ್ರ ಕಂಚಿನ ಗಂಟೆ. ಅವನು ಹಲಗೆ ಬಾರಿಸಿ ಕೂಗಿದರೆ ಪೇಟೆಯ ಈ ತುದಿಯಿಂದ ಆ ತುದಿಗೆ ಕೇಳುತ್ತಿತ್ತು. ಕಳೆದ ಮಗು ಬೇಗನೆ ಸಿಗುತ್ತಿತ್ತು.

ಆದರೆ ಜಕ್ಕಣ್ಣನಿಗೆ ಒಂದು ಚಾಳಿ ಇತ್ತು. ಮಗುವಿನ ಗುರುತು ಹೇಳಿ ಸುಮ್ಮನಾಗುತ್ತಿರಲಿಲ್ಲ. ಕೊನೆಗೆ ತಾಯಿಯ ಮೇಲೆ ಒಂದು ಹಾಡು ಕಟ್ಟುತ್ತಿದ್ದ.

“ಮೂಗಿನ ನತ್ತು ಜೋಪಾನ, ಮಗನ ಮೇಲಿಲ್ಲ ಗ್ಯಾನ!”

ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ಜನ ನಕ್ಕಷ್ಟೂ ಜಕ್ಕಣ್ಣ ಉಬ್ಬುತ್ತಿದ್ದ, ಉಬ್ಬಿದಷ್ಟೂ ಹಾಡು ಉದ್ದವಾಗುತ್ತಿತ್ತು.

ಜಕ್ಕಣ್ಣನಿಗೆ ಸಾಂತವ್ವ ಎಂಬ ಅಕ್ಕ. ನೂಲಿಗೆ ಬಣ್ಣ ಹಾಕುವ ಕೆಲಸ ಅವಳದು. ಗಂಡ ದೂರದ ಸೀಮೆಗೆ ಉಪ್ಪು ಮಾರಲು ಹೋಗಿದ್ದ. ತಂದೆ ತಾಯಿ ಇಲ್ಲದ ತಮ್ಮನನ್ನು ಅವಳೇ ಸಾಕಿದ್ದಳು. ಅವಳಿಗೊಬ್ಬಳು ಮಗಳು, ಚಿಕ್ಕಿ. ಮುಂದಿನ ಹಲ್ಲು ಇನ್ನೂ ಬೀಳದ ಕೂಸು.

ಒಂದು ಸಂತೆಯ ದಿನ ಸಾಂತವ್ವ ಬಣ್ಣದ ಕೊಪ್ಪರಿಗೆ ಒಲೆಯ ಮೇಲಿಟ್ಟಿದ್ದಳು. “ತಮ್ಮಾ, ಇದನ್ನ ಬಿಟ್ಟು ನಾನು ಏಳೋ ಹಂಗಿಲ್ಲ. ಕೂಸು ಪೇಟೆ ನೋಡ್ಬೇಕು ಅಂತ ಬೆಳಗ್ಗಿಂದ ಒಂದೇ ರಚ್ಚೆ. ಕರಕೊಂಡು ಹೋಗಿ ಬಾರೋ. ಕೈ ಮಾತ್ರ ಬಿಡಬೇಡ” ಅಂದಳು.

“ನನಗೇ ಹೇಳ್ತೀಯಲ್ಲಕ್ಕಾ! ಊರ ಮಕ್ಕಳನ್ನೆಲ್ಲ ಹುಡುಕಿ ಕೊಡೋನು ನಾನು” ಎಂದು ನಕ್ಕು ಜಕ್ಕಣ್ಣ ಚಿಕ್ಕಿಯ ಕೈ ಹಿಡಿದು ಹೊರಟ.

ಮಾವ ಸೊಸೆ ಗಿಳಿಗಳ ಚೌಕಾಸಿ ಕೇಳಿದರು, ಗಡಿಗೆಯೊಳಗಿನ ಮೋಡ ಇಣುಕಿ ನೋಡಿದರು. ಅಷ್ಟರಲ್ಲಿ ಕುಂಬಾರಗೇರಿಯ ಹೆಂಗಸೊಬ್ಬಳು ಅಳುತ್ತಾ ಬಂದಳು. ಅವಳ ಮಗ ಕಾಣಿಸುತ್ತಿರಲಿಲ್ಲ. ಜಕ್ಕಣ್ಣ ಹಲಗೆ ಎತ್ತಿಕೊಂಡ. ಹಲಗೆ ಬಾರಿಸಲು ಎರಡೂ ಕೈ ಬೇಕು. ಚಿಕ್ಕಿಯ ಕೈ ಬಿಟ್ಟ.

ಗುರುತು ಸಾರಿದ. ಹುಡುಗ ಕೂಡಲೇ ಒಂದು ಗಾಡಿಯ ಕೆಳಗೆ ಸಿಕ್ಕಿದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಜನ ಸೇರಿದ್ದರಲ್ಲ! ಜಕ್ಕಣ್ಣ ಹಾಡು ಶುರು ಮಾಡಿದ. “ಮಡಕೆ ಒಡೆದರೆ ಅಳುವಾಕೆ, ಮಗುವ ಮರೆತು ನಿಂತಾಕೆ!” ಜನ ನಕ್ಕರು. ಇನ್ನೊಂದು ಸಾಲು ಸೇರಿಸಿದ. ಮತ್ತೂ ನಕ್ಕರು. ಮತ್ತೊಂದು ಸೇರಿಸಿದ.

ಹಾಡು ಮುಗಿಸಿ ಕೈ ಚಾಚಿದ. ಚಿಕ್ಕಿಯ ಕೈ ಸಿಗಲಿಲ್ಲ.

ಹಿಂದೆ ನೋಡಿದ, ಇಲ್ಲ. ಗಾಡಿಗಳ ಕೆಳಗೆ ಬಗ್ಗಿ ನೋಡಿದ, ಇಲ್ಲ. ಕೊರಳಲ್ಲಿ ಹಲಗೆ ನೇತಾಡುತ್ತಿತ್ತು, ಕೈಯಲ್ಲಿ ಕೋಲಿತ್ತು. ಒಂದು ಸಲ ಬಾರಿಸಿ ಕೂಗಿದ್ದರೆ ಸಾಕಿತ್ತು. ಆದರೆ ಕುಂಬಾರಗೇರಿಯ ಹೆಂಗಸು ಇನ್ನೂ ಅಲ್ಲೇ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಈಗ ನಕ್ಕ ಜನ ಇನ್ನೂ ನಗುತ್ತಿದ್ದರು. ಅವರ ಮುಂದೆ ‘ನನ್ನ ಕೂಸೂ ಕಳೆದಿದೆ’ ಅನ್ನುವುದು ಹೇಗೆ? ಜಕ್ಕಣ್ಣನ ಕೈ ಮೇಲೇಳಲಿಲ್ಲ.

ಕದ್ದು ಹುಡುಕತೊಡಗಿದ. ಬಳೆಗಾರ ಕೇಳಿದ, “ಏನು ಜಕ್ಕಣ್ಣ, ಏನೋ ಹುಡುಕ್ತಿದ್ದೀಯ?” “ಏನಿಲ್ಲಣ್ಣ, ಸುಮ್ನೆ.” ಹೂವಾಡಗಿತ್ತಿ ಕೇಳಿದಳು, “ಮುಖ ಯಾಕೋ ಬಿಳಿಚಿಕೊಂಡಿದೆ?” “ಬಿಸಿಲು ಕಣವ್ವ.” ಗಿಳಿ ಕೇಳಿತು, “ನಿನ್ನ ಜೊತೆ ಒಂದು ಪುಟ್ಟ ಹುಡುಗಿ ಇತ್ತಲ್ಲ?” “ಮನೆಗೆ ಹೋದಳು” ಅಂದುಬಿಟ್ಟ.

ಹೊತ್ತು ಮುಳುಗಿತು. ದೂರದಿಂದ ಒಂದು ದನಿ ಕೇಳಿಸಿತು. “ತಮ್ಮಾ! ಜಕ್ಕಾ! ಚಿಕ್ಕೀ!” ಸಾಂತವ್ವ ಬರುತ್ತಿದ್ದಳು, ಮೊಣಕೈವರೆಗೂ ನೀಲಿ ಬಣ್ಣ ಹಾಗೇ ಇತ್ತು.

ಜಕ್ಕಣ್ಣ ಏನು ಮಾಡಿದ? ಗೋಣಿಚೀಲಗಳ ಹಿಂದೆ ಬಚ್ಚಿಟ್ಟುಕೊಂಡ. ತನ್ನನ್ನು ಎತ್ತಿ ಆಡಿಸಿ ಸಾಕಿದ ಅಕ್ಕ ಎರಡು ಮಾರು ದೂರದಲ್ಲಿ ಹೆಸರು ಹಿಡಿದು ಕೂಗುತ್ತಾ ಹಾದುಹೋದಳು. ಅವನು ಉಸಿರು ಬಿಗಿಹಿಡಿದು ಕೂತಿದ್ದ. ಅವಳ ದನಿ ದೂರವಾದ ಮೇಲೆ ತನ್ನ ಮೇಲೆ ತನಗೇ ಎಷ್ಟು ಹೇಸಿಗೆಯಾಯಿತೆಂದರೆ, ಆ ಚೀಲಗಳ ಸಂದಿಯಲ್ಲೇ ಮಣ್ಣಾಗಿ ಹೋಗಬಾರದೇ ಅನ್ನಿಸಿತು.

“ನೀನೂ ಬಚ್ಚಿಟ್ಟುಕೊಂಡೆಯಾ?” ಎಂದು ಯಾರೋ ಮೆಲ್ಲಗೆ ಕೇಳಿದರು.

ಬಿದಿರಿನ ಬುಟ್ಟಿ ಹೆಣೆದು ಮಾರುವ ನೀಲವ್ವ ಅಲ್ಲಿ ಕೂತಿದ್ದಳು.

“ಹೋದ ವರ್ಷ ನನ್ನ ಮಗ ಭೈರು ಕಳೆದುಹೋದ” ಅಂದಳು. “ನಿನ್ನ ಹತ್ತಿರ ಬರಲಿಲ್ಲ. ನಿನ್ನ ಹಾಡಿಗೆ ಹೆದರಿದೆ. ಕೂಸು ಕಳಕೊಂಡು ನಗೆಪಾಟಲಾಗೋದು ಯಾರಿಗೆ ಬೇಕು ಅಂತ ಒಬ್ಬಳೇ ಹುಡುಕಿದೆ. ಹೊತ್ತು ಮುಳುಗಿಹೋಯಿತು. ಹೊತ್ತು ಮುಳುಗೋದರೊಳಗೆ ಹೆಸರು ಹಿಡಿದು ಸಾರದ ಮಗು ಸದ್ದಡಗನ ಪಾಲು ಕಣೋ ತಮ್ಮ.”

ಸದ್ದಡಗ ಅಂದರೆ ಒಬ್ಬ ಮಾಂತ್ರಿಕ. ಸಕ್ಕರೆ ಗೊಂಬೆ ಮಾರುವ ಮುದುಕನ ವೇಷದಲ್ಲಿ ಪೇಟೆಗೆ ಬಂದು, ಒಂಟಿ ಮಕ್ಕಳಿಗೆ ‘ಬಾ ಮಗು, ನಿಮ್ಮವ್ವ ಕಳಿಸಿದಾಳೆ’ ಎಂದು ಹೇಳಿ ಕರೆದೊಯ್ಯುತ್ತಿದ್ದ.

“ಕೋಟೆ ಗೋಡೆಯಲ್ಲಿ ಒಂದು ಬಿರುಕಿದೆ. ಅದರೊಳಗಿಂದ ಅವನ ಸೀಮೆಗೆ ದಾರಿ. ನಾನು ಮೊದಲನೇ ಬಾಗಿಲ ತನಕ ಹೋಗಿದ್ದೆ. ಅಲ್ಲಿ ಒಂದು ಹುಲಿ, ಏನಾಯಿತು ಹೇಳು ಅಂತು. ನನಗೆ ಬಾಯಿ ಬರಲಿಲ್ಲ. ನಾಲಿಗೆ ಮೇಲೆ ನಿನ್ನ ಹಾಡು ಕೂತಿತ್ತು. ವಾಪಸು ಬಂದೆ.”

ಜಕ್ಕಣ್ಣನಿಗೆ ತಲೆ ಎತ್ತಲಾಗಲಿಲ್ಲ. “ನಾನು ಹೋಗ್ತೀನಿ ನೀಲವ್ವ. ನಿನ್ನ ಮಗನನ್ನೂ ಹುಡುಕ್ತೀನಿ. ಅಕ್ಕನಿಗೆ ನೀನೇ ನಿಜ ಹೇಳಿಬಿಡು” ಅಂದ. ಅಕ್ಕನಿಗೆ ತಾನೇ ಹೇಳುವ ಧೈರ್ಯ ಆಗಲೂ ಅವನಿಗೆ ಬರಲಿಲ್ಲ.

ಬಿರುಕಿನ ಆಚೆ ಹಗಲೂ ಇರಲಿಲ್ಲ, ಇರುಳೂ ಇರಲಿಲ್ಲ. ಎಲ್ಲೆಲ್ಲೂ ಬೂದಿ ಬಣ್ಣದ ಬೆಳಕು. ಕಾಲಿಟ್ಟರೆ ಹೆಜ್ಜೆಯ ಸಪ್ಪಳವೂ ಕೇಳುತ್ತಿರಲಿಲ್ಲ. ಮುಂದೆ ಒಂದು ಬಾಗಿಲು, ಬಾಗಿಲಿಗೆ ಅಡ್ಡವಾಗಿ ಮಲಗಿದ ಹುಲಿ. ಅದರ ಮೈಮೇಲಿನ ಪಟ್ಟೆಗಳು ಹಾವುಗಳಂತೆ ಹರಿದಾಡುತ್ತಿದ್ದವು.

“ಏನಾಯಿತು ಹೇಳು” ಅಂತು ಹುಲಿ.

“ಒಂದು ಕೂಸು ಕಳೆದುಹೋಯಿತು.”

ಬಾಗಿಲು ಒಂದು ಹೊಲದಷ್ಟು ಹಿಂದಕ್ಕೆ ಸರಿಯಿತು, ಹುಲಿಯೂ ಅದರ ಜೊತೆಗೇ. ಜಕ್ಕಣ್ಣ ಓಡಿ ಹೋಗಿ ಮತ್ತೆ ನಿಂತ.

“ಏನಾಯಿತು ಹೇಳು.”

“ಜನ ಜಾಸ್ತಿ ಇದ್ದರು. ಕೂಸು ಕೈ ತಪ್ಪಿಸಿಕೊಂಡಿತು.”

ಬಾಗಿಲು ಒಂದು ಹರದಾರಿ ಹಿಂದೆ ಹೋಯಿತು. ಜಕ್ಕಣ್ಣ ಏದುಸಿರು ಬಿಡುತ್ತಾ ಬಂದು ಹುಲಿಯ ಮುಂದೆ ಮಂಡಿಯೂರಿದ.

“ಏನಾಯಿತು ಹೇಳು.”

“ಕೂಸು ಕೈ ಬಿಡಲಿಲ್ಲ. ನಾನು ಬಿಟ್ಟೆ.”

ಹುಲಿ ಎದ್ದು ಪಕ್ಕಕ್ಕೆ ಸರಿಯಿತು.

ಆಮೇಲೆ ಒಂದು ಹೊಳೆ, ಸದ್ದೇ ಇಲ್ಲದೆ ಹರಿಯುವ ಹೊಳೆ. ದಡದಲ್ಲಿ ಒಂದು ಮೊಸಳೆ. “ಬೆನ್ನ ಮೇಲೆ ಕೂರು. ಯಾಕೆ ಕೈ ಬಿಟ್ಟೆ, ಹೇಳುತ್ತಾ ಬಾ” ಅಂತು.

ಜಕ್ಕಣ್ಣ ಕೂತ. “ಹಲಗೆ ಬಾರಿಸೋಕೆ ಬಿಟ್ಟೆ. ಅದು ನನ್ನ ಕಸುಬು.”

ಮೊಸಳೆ ಮುಳುಗಿತು. ನೀರು ಸೊಂಟಕ್ಕೆ ಬಂತು.

“ಅಳ್ತಾ ಬಂದ ತಾಯಿಗೆ ಸಹಾಯ ಮಾಡೋಕೆ ಬಿಟ್ಟೆ.”

ಮೊಸಳೆ ಇನ್ನೂ ಮುಳುಗಿತು. ನೀರು ಗದ್ದಕ್ಕೆ ಬಂತು.

“ಅವಳ ಮಗ ಸಿಕ್ಕಾಗಿತ್ತು!” ಎಂದು ಜಕ್ಕಣ್ಣ ನೀರು ಉಗುಳುತ್ತಾ ಕೂಗಿದ. “ಆಮೇಲೂ ನಾನು ನಿಲ್ಲಿಸಲಿಲ್ಲ. ಜನ ನಗ್ತಿದ್ದರು. ನಗು ಸಿಹಿಯಾಗಿತ್ತು. ಅವಳು ಅತ್ತಷ್ಟೂ ಅವರು ನಕ್ಕರು. ಅದಕ್ಕೋಸ್ಕರ ಕೂಸನ್ನ ಮರೆತೆ.”

ಮೊಸಳೆ ಮೇಲೆದ್ದು ಅವನನ್ನು ಆಚೆ ದಡಕ್ಕೆ ಬಿಟ್ಟಿತು.

ಮುಂದಿನ ಬಾಗಿಲಲ್ಲಿ ಒಂದು ಹೆಣ್ಣಾನೆ ನಿಂತಿತ್ತು. ಇನ್ನು ಏನು ಕೇಳುತ್ತದೋ ಎಂದು ಜಕ್ಕಣ್ಣ ಹೆದರಿ ನಿಂತ. ಆನೆ ಹೆಚ್ಚೇನೂ ಕೇಳಲಿಲ್ಲ. ಅದರ ಬಾಯಿಂದ ಅವನ ಅಕ್ಕನ ದನಿ ಬಂತು.

“ತಮ್ಮಾ, ಕೂಸೆಲ್ಲಿ?”

ಜಕ್ಕಣ್ಣ ತಿರುಗಿ ಓಡಿದ. ಓಡಿ ಓಡಿ ನೋಡಿದರೆ ಮತ್ತೆ ಅದೇ ಬಾಗಿಲು, ಅದೇ ಆನೆ.

“ತಮ್ಮಾ, ಕೂಸೆಲ್ಲಿ?”

ಕಣ್ಣು ಮುಚ್ಚಿ ಕಿವಿ ಮುಚ್ಚಿ ಕೂತ. ಮುಚ್ಚಿದ ಕಿವಿಯೊಳಗೂ ಅದೇ ದನಿ.

“ತಮ್ಮಾ, ಕೂಸೆಲ್ಲಿ?”

ಕಡೆಗೆ ಜಕ್ಕಣ್ಣ ತಲೆ ಎತ್ತಿ ಆ ಕಣ್ಣುಗಳನ್ನು ನೋಡಿದ. “ಕಳೆದುಬಿಟ್ಟೆ ಅಕ್ಕಾ. ನೀನು ಕೂಗ್ತಾ ಹೋದಾಗ ಚೀಲದ ಹಿಂದೆ ಅಡಗಿಕೊಂಡಿದ್ದೆ. ನಿನ್ನ ದನಿ ಕೇಳಿಸ್ತಿತ್ತು. ಕೇಳಿಸಿದರೂ ಅಡಗಿಕೊಂಡಿದ್ದೆ.” ಆನೆ ಬಾಗಿಲು ತೆರೆಯಿತು.

ಒಳಗೆ ಒಂದು ದೊಡ್ಡ ಕೆರೆ. ಕೆರೆಯ ತುಂಬಾ ಬೆಳ್ಳಕ್ಕಿಗಳು ತಲೆ ತಗ್ಗಿಸಿ ನಿಂತಿದ್ದವು. ಒಂದೂ ಸದ್ದು ಮಾಡುತ್ತಿರಲಿಲ್ಲ. ನಡುವಿನ ಬಂಡೆಯ ಮೇಲೆ ಸದ್ದಡಗ ಕೂತಿದ್ದ. ಸುಣ್ಣ ಬಳಿದಂಥ ಮುಖ, ತುಟಿಯೇ ಇಲ್ಲದ ಬಾಯಿ. ಜಕ್ಕಣ್ಣನನ್ನು ಕಂಡು ಎದ್ದು ನಿಂತು ಕೈ ಮುಗಿದ.

“ಬಾ ಜಕ್ಕಣ್ಣ, ಬಾ. ನಿನ್ನ ಋಣ ದೊಡ್ಡದು. ಮೊದಲೆಲ್ಲ ನನಗೆ ವರ್ಷಕ್ಕೊಂದು ಮಗು ಸಿಕ್ಕಿದರೆ ಹೆಚ್ಚು. ತಾಯಂದಿರು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ನೀನು ಹಾಡು ಕಟ್ಟಲು ಶುರು ಮಾಡಿದೆ ನೋಡು, ಅವರು ಬಾಯಿ ಮುಚ್ಚಿಕೊಂಡರು. ನನ್ನ ಕೆರೆ ತುಂಬಿತು. ನಿನ್ನಂಥ ಆಳು ನನಗೆ ಇನ್ನೊಬ್ಬನಿಲ್ಲ.”

ಹುಲಿ ಕಚ್ಚಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಆ ಬೆಳ್ಳಕ್ಕಿಗಳನ್ನು ಒಂದೊಂದಾಗಿ ನೋಡಿದ. ಒಂದೊಂದು ಹಕ್ಕಿಗೂ ಒಬ್ಬ ತಾಯಿ, ಒಬ್ಬೊಬ್ಬ ತಾಯಿಯ ಬಾಯಿಗೂ ತನ್ನ ಹಾಡಿನ ಬೀಗ.

“ಇವರು ಯಾಕೆ ಓಡಿಹೋಗೋದಿಲ್ಲ?” ಎಂದು ಕೇಳಿದ.

“ಕಟ್ಟಿಹಾಕಿದ್ದೀನಾ ನೋಡು! ‘ತಪ್ಪು ನಿನ್ನದೇ, ಮನೆಗೆ ಹೋದರೆ ಬರೆ ಹಾಕುತ್ತಾರೆ’ ಅಂತ ಒಂದೊಂದು ಮಗುವಿನ ಕಿವಿಯಲ್ಲೂ ಒಂದು ಮಾತು ಹೇಳಿದೆ, ಅಷ್ಟೇ. ಬೇಕಾದರೆ ಕರೆದುಕೋ. ಬಂದವರೆಲ್ಲ ನಿನ್ನವರು.”

ಜಕ್ಕಣ್ಣ ಹಲಗೆ ಎತ್ತಿ ಬಲವಾಗಿ ಬಾರಿಸಿ, ತನ್ನ ಕಂಚಿನ ದನಿಯಲ್ಲಿ ಕೂಗಿದ. “ಚಿಕ್ಕೀ! ಭೈರೂ! ಮಕ್ಕಳೇ, ಬನ್ನಿ!”

ಹಕ್ಕಿಗಳೆಲ್ಲ ಬೆಚ್ಚಿಬಿದ್ದವು. ಆ ಹಲಗೆ, ಆ ದನಿ ಅವರಿಗೆ ಗೊತ್ತಿತ್ತು. ಅವ್ವಂದಿರನ್ನು ಅಳಿಸುವ ದನಿ ಅದು. ಎಲ್ಲವೂ ಹಿಂದೆ ಹಿಂದೆ ಸರಿದವು. ಎಲ್ಲಕ್ಕಿಂತ ಪುಟ್ಟದೊಂದು ಬೆಳ್ಳಕ್ಕಿ ಉಳಿದವುಗಳ ಕಾಲ ಸಂದಿಯಲ್ಲಿ ನುಸುಳಿ ಮುಖ ಮರೆಸಿಕೊಂಡಿತು. ಅದು ಚಿಕ್ಕಿ ಎಂದು ಜಕ್ಕಣ್ಣನಿಗೆ ತಿಳಿಯಿತು. ಸ್ವಂತ ಸೊಸೆ ತನ್ನ ದನಿಗೆ ಹೆದರಿ ಅಡಗಿಕೊಂಡಿದ್ದಳು. ಸದ್ದಡಗ ಸದ್ದಿಲ್ಲದೆ ನಕ್ಕ.

ಜಕ್ಕಣ್ಣ ಕೊರಳಿನಿಂದ ಹಲಗೆ ತೆಗೆದು ಕೆರೆಗೆ ಎಸೆದ. ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತ. ಆಗ ಅವನೂ ಮಕ್ಕಳಷ್ಟೇ ಎತ್ತರವಾದ. ಮನೆಯಲ್ಲಿ ಮಾತಾಡುವಂತೆ ಮೆತ್ತಗೆ ಮಾತಾಡಿದ.

“ಚಿಕ್ಕಿ, ನಿನ್ನ ತಪ್ಪಲ್ಲ ಕಣವ್ವ. ಕೈ ಬಿಟ್ಟೋನು ನಾನು. ಮಕ್ಕಳೇ, ನಿಮ್ಮದೂ ತಪ್ಪಲ್ಲ. ಪೇಟೆ ದೊಡ್ಡದು, ನೀವು ಚಿಕ್ಕೋರು. ದೊಡ್ಡೋರು ಹಿಡಕೋಬೇಕಿತ್ತು. ನಿಮ್ಮವ್ವಂದಿರು ನಿಮ್ಮನ್ನ ಹುಡುಕಲಿಲ್ಲ ಅಂತಲ್ಲ. ಹುಡುಕಿದರು, ಆದರೆ ನಾನು ನಗ್ತೀನಿ ಅಂತ ಕೂಗಲಿಲ್ಲ. ಯಾರೂ ಬರೆ ಹಾಕೋದಿಲ್ಲ. ಬೈಯೋದಿದ್ದರೆ ನನ್ನನ್ನ ಬೈತಾರೆ.”

ಜಕ್ಕಣ್ಣ ಕೆಸರಿನಲ್ಲೇ ಕೂತಿದ್ದ. ಮತ್ತೆ ಕರೆಯಲು ನಾಚಿಕೆ, ಎದ್ದು ಹೋಗಲೂ ಮನಸ್ಸಿಲ್ಲ.

ಪುಟ್ಟ ಬೆಳ್ಳಕ್ಕಿ ಒಂದು ಹೆಜ್ಜೆ ಈಚೆ ಬಂತು. ಕತ್ತು ಓರೆ ಮಾಡಿ ನೋಡಿತು. “ಮಾವ, ಅವ್ವ ಬೈಯಲ್ವಾ?”

“ಬೈಯಲ್ಲ ಕಣವ್ವ. ನಿನ್ನ ಹೆಸರು ಕೂಗ್ತಾ ಬೀದಿ ಬೀದಿ ಸುತ್ತಿದಳು. ನಾನೇ ಕೇಳಿದೆ.”

“ಅವ್ವಾ!” ಎಂದಿತು ಹಕ್ಕಿ. ಅಷ್ಟರಲ್ಲಿ ಅದು ಹಕ್ಕಿಯಾಗಿರಲಿಲ್ಲ, ಮೂಗು ಸುರಿಸುತ್ತಾ ನಿಂತ ಚಿಕ್ಕಿಯಾಗಿತ್ತು. “ಅವ್ವಾ! ಅವ್ವಾ!”

ಇನ್ನೊಂದು ಹಕ್ಕಿ ತಲೆ ಎತ್ತಿತು. “ನೀಲವ್ವಾ! ಬುಟ್ಟಿ ನೀಲವ್ವಾ!” ಅದು ಭೈರು. ಅವನಿಗೆ ಅವ್ವನ ಹೆಸರು ಗೊತ್ತಿತ್ತು. ಆಮೇಲೆ ಇನ್ನೊಂದು, ಮತ್ತೊಂದು, ಕೆರೆಗೆ ಕೆರೆಯೇ ಅವ್ವಾ ಎಂದು ಕೂಗಿತು. ಸದ್ದಡಗ ಎರಡೂ ಕಿವಿ ಮುಚ್ಚಿಕೊಂಡ. ಅವನ ಮೈಯಿಂದ ಸುಣ್ಣ ಉದುರತೊಡಗಿತು. ಮೂಗು ಉದುರಿತು, ಕೈ ಉದುರಿತು. ಮಕ್ಕಳು ಉಸಿರು ತೆಗೆದುಕೊಂಡು ಮತ್ತೊಮ್ಮೆ ಕೂಗುವಷ್ಟರಲ್ಲಿ ಬಂಡೆಯ ಮೇಲೆ ಒಂದು ಹಿಡಿ ಪುಡಿ ಮಾತ್ರ ಉಳಿದಿತ್ತು. ಗಾಳಿ ಅದನ್ನೂ ಒಯ್ಯಿತು.

ಮಕ್ಕಳನ್ನು ಕರೆದುಕೊಂಡು ಬಿರುಕಿನಿಂದ ಈಚೆ ಬಂದಾಗ ಊರಿನಲ್ಲಿ ಬೆಳಕು ಹರಿದಿತ್ತು. ಗೋಡೆಗೆ ಒರಗಿ ನೀಲವ್ವ ಕೂತಿದ್ದಳು, ಪಕ್ಕದಲ್ಲಿ ಸಾಂತವ್ವ. ಭೈರು ಓಡಿಹೋಗಿ ನೀಲವ್ವನ ಮಡಿಲಿಗೆ ಬಿದ್ದ. ಅವಳು ಅವನ ತಲೆ ಮೂಸಿದಳು, ಬೆರಳು ಬೆರಳು ಮುಟ್ಟಿ ನೋಡಿದಳು, ಆಮೇಲೆ ಅತ್ತಳು. ಸಾಂತವ್ವ ಚಿಕ್ಕಿಯನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಳು. ತಮ್ಮನ ಕಡೆ ನೋಡಲಿಲ್ಲ. ಒಂದು ಮಾತೂ ಆಡದೆ ಮನೆ ಕಡೆ ನಡೆದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅಂದೇ ಜಕ್ಕಣ್ಣ ಪೇಟೆಯ ನಡುವೆ ನಿಂತ. ಕೊರಳಲ್ಲಿ ಹಲಗೆ ಇರಲಿಲ್ಲ. ತಾನು ಮಾಡಿದ್ದನ್ನೆಲ್ಲ ಸಾರಿದ. ಕೈ ಬಿಟ್ಟದ್ದು, ಗಿಳಿಗೆ ಸುಳ್ಳು ಹೇಳಿದ್ದು, ಅಕ್ಕನಿಂದ ಅಡಗಿದ್ದು, ಯಾವುದನ್ನೂ ಬಿಡಲಿಲ್ಲ. ಕುಂಬಾರಗೇರಿಯ ಹೆಂಗಸಿನ ಕಾಲು ಮುಟ್ಟಿದ. ಯಾರೋ ಒಬ್ಬ ನಕ್ಕ, ಅವನ ಮೇಲೊಂದು ಹಾಡು ಕಟ್ಟಿದ. ಜಕ್ಕಣ್ಣನ ಕಿವಿ ಕೆಂಡವಾಯಿತು, ಆದರೂ ನಿಂತಲ್ಲೇ ನಿಂತ. ಆಮೇಲೆ ಗುಂಪಿನಿಂದ ಒಬ್ಬಳು ತಾಯಿ ಬಂದಳು, “ನನ್ನ ಮಗಳೂ ಹೋಗಿತ್ತು, ನಾನು ಯಾರಿಗೂ ಹೇಳಿರಲಿಲ್ಲ” ಅಂದಳು. ಇನ್ನೊಬ್ಬಳು ಬಂದಳು. ಸಂಜೆಯೊಳಗೆ ಎಲ್ಲ ಮಕ್ಕಳೂ ಅವರವರ ಮನೆ ಸೇರಿದರು.

ದೊರೆಗೆ ಸುದ್ದಿ ಮುಟ್ಟಿತು. ಪೇಟೆಯ ನಾಲ್ಕೂ ದಿಕ್ಕಿಗೆ ಹಳದಿ ಬಾವುಟದ ಕಟ್ಟೆಗಳನ್ನು ಕಟ್ಟಿಸಿ, ಕೈ ತಪ್ಪಿದ ಮಕ್ಕಳನ್ನು ಅಲ್ಲಿ ಕಾಯಲು ಜನ ಇಟ್ಟ. ಸಂತೆಯ ದಿನ ಬೆಳಗ್ಗೆ ಜಕ್ಕಣ್ಣ ಮಕ್ಕಳನ್ನೆಲ್ಲ ಕೂರಿಸಿಕೊಂಡು ಹೇಳಿಕೊಡುತ್ತಿದ್ದ.

“ಕೈ ತಪ್ಪಿದರೆ ಏನು ಮಾಡ್ತೀರಿ?”

“ನಿಂತಲ್ಲೇ ನಿಂತು ಕೂಗ್ತೀವಿ!”

“ಯಾರೂ ಬರಲಿಲ್ಲ ಅಂದರೆ?”

“ಅಂಗಡಿಯೋರನ್ನ ಇಲ್ಲಾ ಮಗು ಎತ್ತಿಕೊಂಡಿರೋ ಅವ್ವನ್ನ ಕೇಳ್ತೀವಿ. ಅವ್ವನ ಹೆಸರು ಹೇಳ್ತೀವಿ, ಕೇರಿ ಹೆಸರು ಹೇಳ್ತೀವಿ!”

“ನಿಮ್ಮವ್ವ ಕಳಿಸಿದಾಳೆ ಬಾ ಅಂತ ಯಾರಾದರೂ ಕರೆದರೆ?”

“ಹೋಗಲ್ಲ! ಇನ್ನೂ ಜೋರಾಗಿ ಕೂಗ್ತೀವಿ!”

ಸಾಂತವ್ವ ಮಾತ್ರ ಬಹಳ ದಿನ ಅವನ ಜೊತೆ ಮಾತಾಡಲಿಲ್ಲ. ತಟ್ಟೆ ತಂದು ಮುಂದಿಡುತ್ತಿದ್ದವಳು ಚಿಕ್ಕಿ. ಜಕ್ಕಣ್ಣ ಜಗಲಿಯಲ್ಲಿ ಕೂತು ತಲೆ ತಗ್ಗಿಸಿ ಉಣ್ಣುತ್ತಿದ್ದ. ಒಂದು ದಿನ ಒಳಗಿನಿಂದ ಅಕ್ಕನ ದನಿ ಬಂತು. “ಸಾರು ಆರುತ್ತೆ. ಒಳಗೆ ಬಂದು ಉಣ್ಣೋ.” ಅವನು ಎದ್ದು ಒಳಗೆ ಹೋದ. ಆ ದಿನ ಸಾರಿಗೆ ಉಪ್ಪು ಎಷ್ಟಿತ್ತೋ ಅವನಿಗೆ ತಿಳಿಯಲಿಲ್ಲ.

ಮುಂದೊಂದು ಸಂತೆಯಲ್ಲಿ ಹಳದಿ ಬಾವುಟದ ಕೆಳಗೆ ಒಂದು ಕೂಸು ನಿಂತು ತನ್ನ ತಾಯಿಯ ಹೆಸರನ್ನು ಗಂಟಲು ಹರಿಯುವಂತೆ ಕೂಗುತ್ತಿತ್ತು. ಜನರನ್ನು ಸೀಳಿಕೊಂಡು ತಾಯಿ ಓಡಿ ಬಂದಳು. ಜಕ್ಕಣ್ಣನನ್ನು ಕಂಡು ಸೆರಗು ಮುಖಕ್ಕೆ ಎಳೆದುಕೊಳ್ಳಹೋದಳು.

“ಸೆರಗು ಯಾಕೆ ತಾಯಿ?” ಅಂದ ಜಕ್ಕಣ್ಣ. “ಎಷ್ಟು ಚೆನ್ನಾಗಿ ಕೂಗಿತು ನಿನ್ನ ಕೂಸು! ಎಷ್ಟು ಬೇಗ ಓಡಿ ಬಂದೆ ನೀನು!”

ಸುತ್ತ ನಿಂತ ಜನ ನಕ್ಕರು. ಈ ಸಲ ಆ ತಾಯಿಯೂ ನಕ್ಕಳು.

ಅಂದಿನಿಂದ ಸುರಗಿಪುರದಲ್ಲಿ ಹೊತ್ತು ಮುಳುಗಿದ ಮೇಲೆ ಹೊರಗುಳಿದ ಮಗುವಿಲ್ಲ. ಅಲ್ಲಿಯವರು ಉಂಡುಟ್ಟು ಸುಖವಾಗಿದ್ದರು. ಅವರ ಹೊಟ್ಟೆ ತಣ್ಣಗಿರಲಿ, ಈ ಕತೆ ಕೇಳಿದವರ ಹೊಟ್ಟೆಯೂ ತಣ್ಣಗಿರಲಿ.